ಮಲ್ಲಿಕಾರ್ಜುನಪ್ಪನವರ ಗಾಜಿನ ಸೂರು

ಗಾಡಿ ಕೊಳ್ಳುವುದು ಒಂದು ಕೆಲಸ, ಕೊಂಡ ಗಾಡಿಯನ್ನು ಹೆಂಡತಿ ಮೆಚ್ಚುವಂತೆ ಮಾಡುವುದು ಇನ್ನೊಂದು. ಮೊದಲನೆಯದನ್ನು ಶೋರೂಮಿನವರೇ ನಗುನಗುತ್ತಾ ಮಾಡಿಕೊಡುತ್ತಾರೆ. ಎರಡನೆಯದಕ್ಕೆ ಯಾವ ಶೋರೂಮೂ ಇಲ್ಲ. ಚಳ್ಳಕೆರೆಯ ಬಿತ್ತನೆ ಶೇಂಗಾ ವ್ಯಾಪಾರಿ ಮಲ್ಲಿಕಾರ್ಜುನಪ್ಪನವರು ಈ ಸತ್ಯವನ್ನು ತಮ್ಮ ಐವತ್ತಾರನೆಯ ವಯಸ್ಸಿನಲ್ಲಿ, ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ, ಸ್ವಂತ ಮನೆಯ ಮುಂದೆಯೇ ನಿಂತು ಕಂಡುಕೊಂಡರು.

ಅವರು ತಂದದ್ದು ಸಾಮಾನ್ಯ ಗಾಡಿಯಲ್ಲ. ಕರೆಂಟಿನಲ್ಲಿ ಓಡುವ ಪಿಕಪ್. ಮುಂದಿನ ಅರ್ಧ ಐದು ಜನ ಕೂರುವ ಕಾರು, ಹಿಂದಿನ ಅರ್ಧ ಚೀಲ ಹೇರುವ ತೊಟ್ಟಿ. ಇಷ್ಟೇ ಆಗಿದ್ದರೆ ಧರ್ಮಪತ್ನಿ ಕೊಟ್ರಮ್ಮನವರು ಕುಂಕುಮ ಹಚ್ಚಿ ಒಳಗೆ ಹೋಗುತ್ತಿದ್ದರು. ಆದರೆ ಅದರ ಸೂರು ಪೂರಾ ಗಾಜು. ಡ್ರೈವರ್ ಸೀಟಿನ ಮೇಲಿಂದ ಹಿಂದಿನ ಸೀಟಿನ ತನಕ ಒಂದೇ ಹಾಸು. ಶೋರೂಮಿನವರು ಅದನ್ನು 'ಪನೋರಮಿಕ್ ರೂಫ್' ಎಂದಿದ್ದರು. ಮಲ್ಲಿಕಾರ್ಜುನಪ್ಪನವರು ಊರು ತಲುಪುವಷ್ಟರಲ್ಲಿ ಅದಕ್ಕೆ 'ಗಗನದರ್ಶನ' ಎಂದು ನಾಮಕರಣ ಮಾಡಿ ಮುಗಿಸಿದ್ದರು.

ಕೊಟ್ರಮ್ಮ ಗಾಡಿಗೆ ಒಂದು ಪ್ರದಕ್ಷಿಣೆ ಬಂದರು. (ಭಕ್ತಿಯಿಂದಲ್ಲ.)

"ಎಲ್ಲಾರ ಗಾಡಿಗೂ ಮ್ಯಾಲೆ ತಗಡು ಐತೆ. ನಿಮ್ಮ ಗಾಡಿ ಹೊತ್ತಿಗೆ ಕಂಪನಿಯೋರ ಹತ್ರ ತಗಡು ಖಾಲಿ ಆಗಿತ್ತೇನ್ರಿ?"

ಮಲ್ಲಿಕಾರ್ಜುನಪ್ಪನವರು ತಾಳ್ಮೆಯಿಂದ ವಿವರಿಸಿದರು. ಕೂತಲ್ಲೇ ಮೋಡ ಕಾಣುತ್ತದೆ, ಗುಡ್ಡದ ಮೇಲಿನ ಗಾಳಿಯಂತ್ರ ತಿರುಗುವುದು ಕಾಣುತ್ತದೆ, ಅದೃಷ್ಟವಿದ್ದರೆ ವಿಮಾನ ಕಾಣುತ್ತದೆ ಎಂದರು. ಅಂಗಳಕ್ಕೆ ಬಂದು ಕತ್ತೆತ್ತಿದರೂ ಇವೆಲ್ಲ ಕಾಣುತ್ತವಲ್ಲ ಎಂದು ಕೊಟ್ರಮ್ಮ ಕೇಳಿದರು. ಮಾತಿಗೆ ಮಾತು ಬೆಳೆದು, ಆ ಗಾಜು ಒಂದು ವರ್ಷವೂ ಬಾಳುವುದಿಲ್ಲ ಎಂದು ಅವರು, ಬಾಳುತ್ತದೆ ಎಂದು ಇವರು ಪಟ್ಟು ಹಿಡಿದು, ಕೊನೆಗೆ ದೇವರ ಮನೆಯ ದೀಪದ ಮುಂದೆ ಒಂದು ಐತಿಹಾಸಿಕ ಒಪ್ಪಂದವಾಯಿತು. ವರ್ಷದೊಳಗೆ ಯಜಮಾನರಿಂದ ಗಾಜು ಒಡೆದರೆ ಗಾಡಿಯ ಕೀಲಿ ಕೊಟ್ರಮ್ಮನವರದು. ಅವರೇ ಓಡಿಸುವುದು, ಇವರು ಬುದ್ಧಿ ಹೇಳದೆ ಪಕ್ಕದಲ್ಲಿ ಕೂರುವುದು. ಕೊಟ್ರಮ್ಮನವರಿಂದ ಒಡೆದರೆ, ಅವರು ಜೀವಮಾನದಲ್ಲಿ ಆ ಗಾಡಿಯ ಬಗ್ಗೆ ತುಟಿ ಬಿಚ್ಚುವಂತಿಲ್ಲ.

ಕೀಲಿಯ ವಿಷಯ ಸಣ್ಣದಲ್ಲ. ಎರಡು ವರ್ಷದ ಹಿಂದೆ ಕೊಟ್ರಮ್ಮ ತಂಗಿ ನಿರ್ಮಲಾಳ ಜೊತೆ ಸೇರಿ ಡ್ರೈವಿಂಗ್ ಕಲಿತು, ಒಂದೇ ಸಲಕ್ಕೆ ಲೈಸೆನ್ಸ್ ತೆಗೆದುಕೊಂಡಿದ್ದರು. ಅಂದಿನಿಂದ ಆ ಲೈಸೆನ್ಸು ಅರಿಶಿನ ಕುಂಕುಮದ ಬಟ್ಟಲಿನ ಪಕ್ಕದಲ್ಲಿ ಪೂಜೆ ಮಾಡಿಸಿಕೊಳ್ಳುತ್ತಾ ಕೂತಿತ್ತು. ಕೇಳಿದಾಗಲೆಲ್ಲ ಯಜಮಾನರು ಸಂತೆ ದಿನ, ಗಾಳಿ ದಿನ, ರಾಹುಕಾಲ ಎಂದು ಏನೋ ಒಂದು ಹೇಳಿ ಕೀಲಿಯನ್ನು ಜೇಬಿಗಿಳಿಸುತ್ತಿದ್ದರು.

ಹದಿನೈದು ದಿನ ಯಜಮಾನರ ಸಂಭ್ರಮ ನೋಡುವಂತಿತ್ತು. ಕಂಡಕಂಡವರನ್ನು ಹತ್ತಿಸಿಕೊಂಡು ಕುದಾಪುರದ ತನಕ ಹೋಗಿಬರುತ್ತಿದ್ದರು. ಅಲ್ಲಿ ವಿಜ್ಞಾನ ಸಂಸ್ಥೆಯ ಉದ್ದನೆಯ ಕಾಂಪೌಂಡ್ ಬಂದಾಗ, ಒಳಗಿನ ವಿಜ್ಞಾನಿಗಳೂ ಸ್ವಲ್ಪ ನೋಡಲಿ ಎಂದು ಗಾಡಿಯನ್ನು ನಿಧಾನ ಮಾಡುತ್ತಿದ್ದರು. ಇದುವರೆಗೆ ಯಾವ ವಿಜ್ಞಾನಿಯೂ ಹೊರಗೆ ಬಂದು ನೋಡಿರಲಿಲ್ಲ, ಆ ಮಾತು ಬೇರೆ.

ಮೇ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಕೊಟ್ರಮ್ಮ ಇದ್ದಕ್ಕಿದ್ದಂತೆ ಮೊಳಕಾಲ್ಮುರಿಗೆ ಹೊರಟು ನಿಂತರು. ನಿರ್ಮಲಾಳ ಮಗಳು ಶಿವರಂಜನಿಯ ಮದುವೆ ಹತ್ತಿರ ಬಂದಿತ್ತು. ನೇಕಾರರ ಮನೆಗಳಿಗೇ ಹೋಗಿ ರೇಷ್ಮೆ ಸೀರೆ ಆರಿಸಬೇಕು, ಶನಿವಾರ ಬರುತ್ತೇನೆ ಎಂದರು. ಗಗನದರ್ಶನದಲ್ಲೇ ಬಿಟ್ಟು ಬರುತ್ತೇನೆ ಎಂದು ಯಜಮಾನರು ಎಷ್ಟು ಹೇಳಿದರೂ ಕೇಳಲಿಲ್ಲ. ಬ್ಯಾಗು ಎದೆಗವಚಿಕೊಂಡು, ಗಾಡಿಯ ಕಡೆ ಒಮ್ಮೆಯೂ ಕಣ್ಣು ಹಾಯಿಸದೆ, ಮೊಳಕಾಲ್ಮುರಿನ ಮೇಲೆ ಹೋಗುವ ರಾಯದುರ್ಗದ ಬಸ್ಸು ಹತ್ತಿಬಿಟ್ಟರು. ಹೊಟ್ಟೆಕಿಚ್ಚು ಎಂದುಕೊಂಡು ಮಲ್ಲಿಕಾರ್ಜುನಪ್ಪನವರು ಒಳಗೊಳಗೇ ಹಿಗ್ಗಿದರು.

ಆ ಹಿಗ್ಗು ಮಧ್ಯಾಹ್ನದ ತನಕ ಇತ್ತು. ನನ್ನಿವಾಳದ ರೈತರೊಬ್ಬರಿಗೆ ಹನ್ನೆರಡು ಚೀಲ ಬಿತ್ತನೆ ಶೇಂಗಾ ಕಳಿಸಬೇಕಿತ್ತು. ಇಪ್ಪತ್ತು ವರ್ಷದಿಂದ ಅವರ ಅಂಗಡಿಯಲ್ಲೇ ಇರುವ ಹಮಾಲಿ ಮಾರಯ್ಯ ಚೀಲಗಳನ್ನು ಗಾಡಿಯ ಸೂರಿಗಿಂತ ಎತ್ತರಕ್ಕೆ ಒಟ್ಟಿ, ಹಗ್ಗ ಹಿಡಿದು ಯಜಮಾನರ ಮುಖ ನೋಡಿದ. ಚಳ್ಳಕೆರೆಯಲ್ಲಿ ಲಾರಿಯಾಗಲಿ ಟೆಂಪೋವಾಗಲಿ, ಲೋಡಿಗೆ ಹಗ್ಗ ಬಿಗಿಯಬೇಕಾದರೆ ಗಾಡಿಯ ತಲೆಯ ಮೇಲೆ ಹತ್ತಿ ನಿಂತೇ ಎಳೆಯಬೇಕು. ಹತ್ತು ಎಂದು ಕೆಳಗಿನಿಂದ ಹೇಳುವುದು ಯಜಮಾನರ ಕೆಲಸ. ಇಪ್ಪತ್ತು ವರ್ಷ ಹೇಳಿ ಹೇಳಿ ಪಳಗಿದ ನಾಲಿಗೆ, ತಲೆಯನ್ನು ಕೇಳದೆಯೇ ಹೇಳಿಬಿಟ್ಟಿತು.

"ಲೇ ಮಾರಯ್ಯ, ಮ್ಯಾಲೆ ಹತ್ತಿ ಬಿಗಿಯಾಗಿ ಎಳಿ."

ಹೊಸ ಗಾಡಿಯೆಂಬ ಗೌರವದಿಂದ ಮಾರಯ್ಯ ಚಪ್ಪಲಿ ಕಳಚಿಟ್ಟ. ಬಲಗಾಲನ್ನೇ ಮುಂದಿಟ್ಟು ಹತ್ತಿದ. ಹಗ್ಗವನ್ನು ಎರಡೂ ಕೈಯಿಂದ ಜಗ್ಗಿದ. ಒಲೆಯಲ್ಲಿ ಹಸಿ ಸೌದೆ ಸಿಡಿದಂತೆ ಚಟ್ ಎಂದಿತು.

ಮಲ್ಲಿಕಾರ್ಜುನಪ್ಪನವರು ಗಾಡಿಯೊಳಗೆ ಹೋಗಿ ಮೇಲೆ ನೋಡಿದರು. ಗಗನದಲ್ಲಿ ವೇದಾವತಿ ನದಿಯ ನಕ್ಷೆ ಮೂಡಿತ್ತು, ಉಪನದಿಗಳ ಸಮೇತ. ಹಿಂದಿನ ಎಡಮೂಲೆಯಲ್ಲಿ ಹುಟ್ಟಿ, ಇಡೀ ಸೂರನ್ನು ಹಾದು, ಡ್ರೈವರ್ ಸೀಟಿನ ನೆತ್ತಿಯ ಮೇಲೆ ಮುಕ್ತಾಯವಾಗಿತ್ತು. ಅವರ ಕೈ ತಾನಾಗಿ ಜೇಬಿಗೆ ಹೋಗಿ ಕೀಲಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

ಮಾರಯ್ಯ ಕೆಳಗಿಳಿದು, ನೀವೇ ಹತ್ತು ಅಂದದ್ದು ಸಾವ್ಕಾರ್ರೆ ಎಂದು ಕೈಮುಗಿದು ನಿಂತ. ಬೈಯಲು ಜಾಗವಿರಲಿಲ್ಲ. ಯಜಮಾನರು ಅವನಿಂದ ದೇವರಾಣೆ ಮಾಡಿಸಿ ಬಾಯಿಗೆ ಬೀಗ ಹಾಕಿದರು. ಚೀಲಗಳನ್ನು ಬೇರೆ ಟೆಂಪೋಗೆ ಹಾಕಿಸಿ, ಗಗನದರ್ಶನಕ್ಕೆ ಒಂದು ಕರಿಕಂಬಳಿ ಹೊದಿಸಿ ಮನೆ ಮುಂದೆ ತಂದು ನಿಲ್ಲಿಸಿದರು. ಆಮೇಲೆ ಕಂಪನಿಗೆ ಫೋನು. ಒಬ್ಬರು ಇನ್ನೊಬ್ಬರಿಗೆ ದಾಟಿಸಿ, ಅವರು ಮತ್ತೊಬ್ಬರಿಗೆ ದಾಟಿಸಿ, ನಾಲ್ಕನೆಯವರು ಕೊನೆಗೆ ಕರುಣೆ ತೋರಿದರು. ಬೆಂಗಳೂರಿನ ಗೋದಾಮಿನಲ್ಲಿ ಒಂದೇ ಒಂದು ಗಾಜು ಇದೆ, ಗುರುವಾರ ಲಾರಿಗೆ ಹಾಕುತ್ತೇವೆ, ಶುಕ್ರವಾರ ದಾವಣಗೆರೆಯಿಂದ ಮಹಾಂತೇಶ್ ಎಂಬ ಗಾಜಿನ ಮೆಕ್ಯಾನಿಕ್ ಮನೆಗೇ ಬಂದು ಕೂರಿಸಿಕೊಡುತ್ತಾನೆ ಎಂದರು. ಕೊಟ್ರಮ್ಮ ಬರುವುದು ಶನಿವಾರ. ಮಲ್ಲಿಕಾರ್ಜುನಪ್ಪನವರಿಗೆ ಕುಣಿಯಬೇಕೆನಿಸಿತು.

ಆದರೆ ಆ ಐದು ದಿನ ಅವರ ರಕ್ತ ಹೀರಿದ್ದು ಮೊಳಕಾಲ್ಮುರಿನ ಫೋನು. ಕೊಟ್ರಮ್ಮ ದಿನಕ್ಕೆ ಮೂರು ಸಲ ಮಾಡುತ್ತಿದ್ದರು. ಊಟ ಆಯಿತಾ ಎಂದು ಕೇಳಿ, ಸೀರೆಯ ಅಂಚಿನ ಬಣ್ಣ ಹೇಳಿ, ಆಮೇಲೆ ದನಿ ತಗ್ಗಿಸುತ್ತಿದ್ದರು.

"ಗಾಡಿ ಹೆಂಗೈತ್ರಿ?"

ಮೂವತ್ತು ವರ್ಷದ ಸಂಸಾರದಲ್ಲಿ ಈಕೆ ಯಾವ ಗಾಡಿಯ ಕ್ಷೇಮವನ್ನೂ ವಿಚಾರಿಸಿದವರಲ್ಲ. ಮಲ್ಲಿಕಾರ್ಜುನಪ್ಪನವರು ಕಿಟಕಿಯಿಂದ ಕರಿಕಂಬಳಿಯ ಕಡೆ ನೋಡುತ್ತಾ "ಬಂಗಾರದಂಗೈತೆ" ಎನ್ನುತ್ತಿದ್ದರು. ಸರಿಯಾಗಿ ನೋಡಿದ್ರಾ ಎಂದು ಕೊಟ್ರಮ್ಮ ಮತ್ತೆ ಕೇಳುತ್ತಿದ್ದರು. ನೋಡೋದೇನು, ಕಣ್ಮುಂದೇ ನಿಂತೈತೆ ಎಂದು ಇವರು ಫೋನು ಇಡುತ್ತಿದ್ದರು. ಗಾಜು ಒಡೆದ ಸುದ್ದಿ ತಾಲ್ಲೂಕಿನ ಗಡಿ ದಾಟಿ ಮೊಳಕಾಲ್ಮುರಿಗೆ ಮುಟ್ಟಿದೆ ಎಂಬುದರಲ್ಲಿ ಅವರಿಗೆ ಅನುಮಾನ ಉಳಿಯಲಿಲ್ಲ. ಮಾರಯ್ಯನನ್ನು ದಿನಾ ಕರೆದು ದಬಾಯಿಸಿದರು. ಬಾಯಿ ಬಿಟ್ಟಿದ್ದು ಗೊತ್ತಾದರೆ ಗತಿ ನೆಟ್ಟಗಿರುವುದಿಲ್ಲ ಎಂದರು. ಬಿಡದ ಬಾಯಿಗೆ ಬೈಸಿಕೊಂಡು ಬೈಸಿಕೊಂಡು ಮಾರಯ್ಯ ಸೊರಗಿಹೋದ.

ಶುಕ್ರವಾರ ಮಹಾಂತೇಶ್ ಬಂದ. ಹಳೆಯ ಗಾಜಿನ ಅಂಚಿಗೆ ತೆಳುವಾದ ತಂತಿ ತೂರಿಸಿ, ಒಂದು ತುದಿ ತಾನು ಹಿಡಿದು, ಇನ್ನೊಂದನ್ನು ಗಾಡಿಯೊಳಗೆ ಯಜಮಾನರ ಕೈಗೆ ಕೊಟ್ಟ. ಇಬ್ಬರೂ ಗರಗಸದವರಂತೆ ಹಿಂದೆ ಮುಂದೆ ಎಳೆದು, ಅಂಟು ಕೊಯ್ದು ಗಾಜನ್ನು ಬಿಡಿಸಿದರು. ಮಲ್ಲಿಕಾರ್ಜುನಪ್ಪನವರ ಬನಿಯನ್ ನೆನೆದು ತೊಪ್ಪೆಯಾಯಿತು, ಉತ್ಸಾಹ ಮಾತ್ರ ಇಳಿಯಲಿಲ್ಲ. ಮಹಾಂತೇಶ್ ಸೂರಿನ ಸುತ್ತ ಚಕ್ಕುಲಿ ಒತ್ತಿದ ಹಾಗೆ ಕಪ್ಪು ಗೋಂದು ಒತ್ತಿದ. ಹೊಸ ಗಾಜಿಗೆ ರಬ್ಬರ್ ಬಟ್ಟಲಿನ ಹಿಡಿಕೆಗಳನ್ನು ಕಚ್ಚಿಸಿದ. ಅವನೊಂದು ಕಡೆ, ಮಾರಯ್ಯ ಒಂದು ಕಡೆ, ಯಜಮಾನರು ಹಿಂದೆ ನಿಂತು ಅದನ್ನು ಎತ್ತಿ, ತೊಟ್ಟಿಲಿಗೆ ಕೂಸನ್ನು ಇಳಿಸುವಂತೆ ಇಳಿಸಿದರು. ಗಾಜು ಕೂತಿತು. ಕೂದಲೆಳೆಯ ಸಂದೂ ಇರಲಿಲ್ಲ. ಮಲ್ಲಿಕಾರ್ಜುನಪ್ಪನವರ ಕಣ್ಣಲ್ಲಿ ನೀರು ಬಂತು.

"ನಾಳೆ ಬೆಳಿಗ್ಗೆ ತನಕ ಗಾಡಿ ಅಲುಗಾಡಿಸ್ಬೇಡಿ ಸಾರ್. ಕಿಟಕಿ ನಾಲ್ಕು ಬೆರಳು ತೆಗೆದಿರ್ಲಿ. ಬಾಗಿಲು ಧಡ್ ಅಂತ ಹಾಕಿದ್ರೆ ಒಳಗಿನ ಗಾಳಿನೇ ಗಾಜನ್ನ ಎತ್ತಿಬಿಡುತ್ತೆ" ಎಂದು ಹೇಳಿ, ಒಡೆದ ಗಾಜನ್ನು ತನ್ನ ವ್ಯಾನಿಗೇ ಹಾಕಿಕೊಂಡು ಮಹಾಂತೇಶ್ ಹೊರಟುಹೋದ. ಸಾಕ್ಷ್ಯ ದಾವಣಗೆರೆ ಸೇರಿತು.

ಶನಿವಾರ ಹನ್ನೊಂದಕ್ಕೆ ಕೊಟ್ರಮ್ಮ ಆಟೋದಿಂದ ಇಳಿದರು. ಮನೆಯೊಳಗೆ ಹೋಗಲಿಲ್ಲ. ಸೀರೆ ಗಂಟನ್ನು ಕಟ್ಟೆಯ ಮೇಲಿಟ್ಟು ನೇರ ಗಾಡಿಯ ಹತ್ತಿರ ಹೋಗಿ, ಹಿಂದಿನ ಬಾಗಿಲು ತೆಗೆದು, ಒಳಗೆ ಕೂತು, ಎಡಮೂಲೆಯನ್ನೇ ದಿಟ್ಟಿಸಿದರು. ಕೊಟ್ರಮ್ಮ ಗಾಜನ್ನು ಬೆರಳಿಂದ ಸವರಿದರು. ಆಮೇಲೆ ಸೆರಗು ಹೊದ್ದು, ಎರಡೂ ಕೈ ಜೋಡಿಸಿ ಅಳತೊಡಗಿದರು.

"ನನ್ನಪ್ಪಾ, ನೀನಿದ್ದೀಯ. ಕೈ ಬಿಡ್ಲಿಲ್ಲ ನೀನು."

ನಂತರ ಎಲ್ಲವೂ ಹೊರಬಂತು. ಸೋಮವಾರ ಬೆಳಿಗ್ಗೆ ಅವರು ಮಾಳಿಗೆಯ ಮೇಲೆ ಹಳೆಯ ಪಂಚೆ ಹಾಸಿ ಸಂಡಿಗೆ ಇಡುತ್ತಿದ್ದರಂತೆ. ಗಾಳಿಗೆ ಹಾರದಿರಲಿ ಎಂದು ಪಂಚೆಯ ತುದಿಗೆ ಗುಂಡುಕಲ್ಲು ಹೇರಿದ್ದರಂತೆ. ಗಾಳಿ ಪಂಚೆಯ ಸಮೇತ ಕಲ್ಲನ್ನೂ ಉರುಳಿಸಿತು. ಕೆಳಗೆ ಗೋಡೆ ಪಕ್ಕ ಚಾರ್ಜಿಗೆ ನಿಂತಿದ್ದ ಗಾಡಿಯ ಮೇಲೆ ಅದು ಬಿದ್ದು, ಹಿಂದಿನ ಎಡಮೂಲೆಯಲ್ಲಿ ಗೇಣುದ್ದ ಬಿರುಕು. ಕಲ್ಲನ್ನು ಬಚ್ಚಿಟ್ಟು ಮೊಳಕಾಲ್ಮುರಿಗೆ ಓಡಿದ್ದರು. ಜೀವಮಾನವಿಡೀ ಗಾಡಿಯ ಬಗ್ಗೆ ಮಾತಾಡದೆ ಇರುವುದೆಂದರೆ ಸಾಮಾನ್ಯವೇ? ಫೋನು ಮಾಡಿದರೆ ಇವರು ಬಂಗಾರದಂಗೈತೆ ಎನ್ನುತ್ತಾರೆ, ಇನ್ನೂ ನೋಡಿಲ್ಲ ಎಂದಾಯಿತು. ಅದಕ್ಕೇ ಮನೆದೇವರಿಗೆ ಹರಕೆ ಹೊತ್ತರಂತೆ.

"ನಾ ಊರಿಗೆ ಹೋಗೋದ್ರೊಳಗೆ ಗಾಜು ಮೊದಲಿನಂಗಾದ್ರೆ ನಮ್ಮ ಯಜಮಾನರ ಮುಡಿ ಕೊಡಿಸ್ತೀನಿ ಅಂತ ಬೇಡ್ಕೊಂಡೆ. ಆಯ್ತಲ್ರಿ."

ಗೆದ್ದೆ ಎಂದು ಕೂಗಲು ತೆರೆದಿದ್ದ ಮಲ್ಲಿಕಾರ್ಜುನಪ್ಪನವರ ಬಾಯಿ ತೆರೆದೇ ಉಳಿಯಿತು. ಇಲ್ಲಿ ಅವರ ಕೂದಲಿನ ಬಗ್ಗೆ ಎರಡು ಮಾತು ಹೇಳಲೇಬೇಕು. ಅವರ ಮೂವರು ಅಣ್ಣಂದಿರೂ ಬೋಳು. ಇವರೊಬ್ಬರ ತಲೆ ಮಾತ್ರ ಮಳೆ ಕಂಡ ಹುಲ್ಲುಗಾವಲು. ಅಂಗಿಯ ಜೇಬಿನಲ್ಲಿ ಸದಾ ಬಾಚಣಿಗೆ. ನಾಳೆ ಬಿಟ್ಟು ಮುಂದಿನ ಭಾನುವಾರ ಶಿವರಂಜನಿಯ ಮದುವೆ, ಮದುಮಗಳನ್ನು ಗಗನದರ್ಶನದಲ್ಲಿ ಕರೆತರುವವರು ಇವರು, ಎದುರಿಗೆ ವಿಡಿಯೋದವರು. ಗಾಡಿ ಯಾರದೋ ಮುಡಿಯೂ ಅವರದೇ ಆಗಬೇಕಲ್ಲ ಎಂದು ಕೊಟ್ರಮ್ಮ ಹೇಳುತ್ತಿದ್ದುದು ಅವರಿಗೆ ಎಲ್ಲೋ ದೂರದಿಂದ ಕೇಳಿಸಿತು.

ಇದು ಪವಾಡವಲ್ಲ ಎನ್ನದಿದ್ದರೆ ಕೂದಲು ಹೋಗುತ್ತದೆ. ಗಾಜು ಹಾಕಿಸಿದ್ದು ನಾನು ಎಂದರೆ ಏಕೆ ಗುಟ್ಟಾಗಿ ಹಾಕಿಸಿದಿರಿ ಎಂಬ ಪ್ರಶ್ನೆ ಬಂದು ಕೀಲಿ ಹೋಗುತ್ತದೆ. ಮಲ್ಲಿಕಾರ್ಜುನಪ್ಪನವರ ವ್ಯಾಪಾರಿ ಬುದ್ಧಿ ಆ ಕ್ಷಣದಲ್ಲಿ ಮಿಂಚಿತು. ಹೆಂಡತಿಯ ಭುಜದ ಮೇಲೆ ಕೈಯಿಟ್ಟು, ದನಿಯಲ್ಲಿ ಜೇನು ಬೆರೆಸಿ ಹೇಳಿದರು. ನೀನು ಮಾಡಿದ ಬಿರುಕು ನಾನು ಸೋಮವಾರವೇ ನೋಡಿದೆ. ನೀನು ನೊಂದುಕೊಳ್ಳಬಾರದು ಅಂತ ಸದ್ದಿಲ್ಲದೆ ಹೊಸ ಗಾಜು ಹಾಕಿಸಿದೆ. ದೇವರಿಗೆ ಇದರಲ್ಲಿ ಏನೂ ಕೆಲಸವಿರಲಿಲ್ಲ.

"ನನಗೋಸ್ಕರಾನಾ?" ಎಂದರು ಕೊಟ್ರಮ್ಮ. ಅವರ ಕಣ್ಣು ಮತ್ತೆ ತುಂಬಿತು. ಮದುವೆಯಾದ ಹೊಸದರಲ್ಲೂ ಅವರು ಯಜಮಾನರನ್ನು ಹಾಗೆ ನೋಡಿರಲಿಲ್ಲ.

ಸರಿಯಾಗಿ ಆಗ ಗೇಟಿನಲ್ಲಿ ಮಾರಯ್ಯ. ಅಮ್ಮಾವರು ಬಂದರು ಎಂದು ತಿಳಿದು, ಐದು ದಿನದ ಬೈಗುಳವನ್ನು ಇನ್ನು ತಡೆಯಲಾರದೆ, ನ್ಯಾಯ ಕೇಳಲು ಬಂದಿದ್ದ.

"ಅಮ್ಮಾರೆ, ನಿಮಗೆ ಹೇಳಿದ್ಯಾರೋ ನಂಗೊತ್ತಿಲ್ಲ, ನಾನಂತೂ ಬಾಯಿ ಬಿಟ್ಟಿಲ್ಲ. ಗಾಜಿನ ಮ್ಯಾಲೆ ನಾನಾಗಿ ಹತ್ತಿಲ್ಲ, ಸಾವ್ಕಾರ್ರೇ ಹತ್ತು ಅಂದಿದ್ದು."

ಆಮೇಲೆ ನಡೆದದ್ದನ್ನು ವಿಚಾರಣೆ ಎನ್ನಬಹುದು. ಗೇಣುದ್ದದ ಬಿರುಕು ತಮ್ಮದೆಂದು, ಊರುದ್ದದ ಬಿರುಕು ಯಜಮಾನರದೆಂದು ತೀರ್ಮಾನಿಸಿ ಕೊಟ್ರಮ್ಮ ಕೈ ಚಾಚಿದರು. ಕೀಲಿ ಅವರ ಅಂಗೈ ಸೇರಿತು. ಹರಕೆಯನ್ನಾದರೂ ಬಿಡು, ಗಾಜು ಸರಿಮಾಡಿದ್ದು ದೇವರಲ್ಲ, ದಾವಣಗೆರೆಯ ಮಹಾಂತೇಶ್ ಎಂದು ಮಲ್ಲಿಕಾರ್ಜುನಪ್ಪನವರು ಅಂಗಲಾಚಿದರು.

"ಯಾರ ಕೈಯಿಂದ ಅಂತ ನಾ ಕೇಳ್ಕೊಂಡಿರ್ಲಿಲ್ಲ. ಮೊದಲಿನಂಗಾಗ್ಲಿ ಅಂದಿದ್ದೆ, ಆಗೈತೆ. ಮಹಾಂತೇಶನ್ನ ಕಳಿಸ್ದೋರು ಯಾರು?"

ಯಜಮಾನರು ಕೊನೆಯ ಅಸ್ತ್ರ ಬಿಟ್ಟರು. ಮೊದಲು ಒಡೆದದ್ದು ನೀನು, ಆದ್ದರಿಂದ ಒಪ್ಪಂದದಂತೆ ನೀನೂ ಈ ಗಾಡಿಯ ಬಗ್ಗೆ ಮಾತಾಡುವಂತಿಲ್ಲ ಎಂದರು. ಕೊಟ್ರಮ್ಮ ಕ್ಷಣ ಯೋಚಿಸಿ ಒಪ್ಪಿಕೊಂಡರು. ಮಾತಾಡುವುದಿಲ್ಲ, ಓಡಿಸುತ್ತೇನೆ ಅಷ್ಟೇ ಎಂದರು.

ಸೋಮವಾರವೇ ಕೊಟ್ರಮ್ಮ ಮೊಳಕಾಲ್ಮುರು ದಾಟಿ, ಗುಡ್ಡದ ಮೇಲಿನ ಮನೆದೇವರ ಗುಡಿಯ ತನಕ ಗಾಡಿಯನ್ನು ಒಂದು ಗುಂಡಿಗೂ ಇಳಿಸದೆ ಓಡಿಸಿಕೊಂಡು ಹೋದರು. ಹಾದಿಯುದ್ದಕ್ಕೂ ಗಾಡಿಯ ಬಗ್ಗೆ ಒಂದಕ್ಷರ ಆಡಲಿಲ್ಲ. ಅರ್ಧ ಗಂಟೆಯಲ್ಲಿ ಹುಲ್ಲುಗಾವಲು ದೇವರ ಪಾಲಾಯಿತು. ತಿರುಗಿ ಹೊರಟಾಗ ನಡುಮಧ್ಯಾಹ್ನ. ಮೇ ತಿಂಗಳ ಸೂರ್ಯ ದಾರಿಯ ಕೊಂಡ್ಲಹಳ್ಳಿಯ ನೆತ್ತಿಯ ಮೇಲಿದ್ದ, ಅಲ್ಲಿಂದ ಗಗನದರ್ಶನದ ಮೂಲಕ ನೇರವಾಗಿ ಮಲ್ಲಿಕಾರ್ಜುನಪ್ಪನವರ ನುಣ್ಣನೆಯ ತಲೆಯ ಮೇಲೆ ಇಳಿಯುತ್ತಿದ್ದ. ಸ್ವಲ್ಪ ದೂರ ಅವರು ಎರಡೂ ಅಂಗೈಯನ್ನು ತಲೆಯ ಮೇಲಿಟ್ಟುಕೊಂಡು ಕೂತರು. ಆಮೇಲೆ ತಡೆಯಲಾಗಲಿಲ್ಲ.

"ಕೊಟ್ರಮ್ಮ, ಈ ಗಾಜಿಗೆ ಒಂದು ಪರದೆನಾದ್ರೂ ಹಾಕಿಸ್ಬೇಕು ಅನ್ಸುತ್ತೆ. ನೀ ಏನಂತೀಯ?"

ಕೊಟ್ರಮ್ಮ ರಸ್ತೆಯಿಂದ ಕಣ್ಣು ಕೀಳಲಿಲ್ಲ.

"ಗಾಡಿ ಬಗ್ಗೆ ನಾ ಮಾತಾಡೋ ಹಂಗಿಲ್ಲಲ್ರಿ" ಎಂದು ಹೇಳಿ, ಚಳ್ಳಕೆರೆಯ ಕಡೆ ಇನ್ನೂ ಸ್ವಲ್ಪ ಜೋರಾಗಿ ಓಡಿಸಿದರು.