ಬೋಗುಣಿಯ ಹೆಸರಿಗೆ ಬಂದ ನಂಬರು

ಶುಕ್ರವಾರ ಬೆಳಗ್ಗೆ ಹತ್ತು ಗಂಟೆಗೆ ಮೃತ್ಯುಂಜಯ ಭಾವನವರು ತಮ್ಮ ಹೊಸ ಯಂತ್ರವನ್ನು ಜಗಲಿಯ ಮೇಲೆ ತಂದು ಕೂರಿಸಿ, ಅದಕ್ಕೆ ವಿಭೂತಿ ಬಳಿದು, ಎರಡು ಹೆಜ್ಜೆ ಹಿಂದೆ ಸರಿದು ನಿಂತರು. ಹಿಂದೆ ಸರಿದದ್ದು ಭಕ್ತಿಯಿಂದಲ್ಲ. ಹೋದ ವರ್ಷ ಅವರ ದೋಸೆ ಮಗುಚುವ ಯಂತ್ರ ಮೊದಲ ದೋಸೆಯನ್ನು ಅವರ ಕನ್ನಡಕದ ಮೇಲೆಯೇ ಮಗುಚಿತ್ತು.

"ಇದರ ಹೆಸರು ಮಾಲೀಕಪತ್ತೆ ಯಂತ್ರ!" ಎಂದರು.

ಹಳೆಯ ಗ್ರೈಂಡರಿನ ಹೊಟ್ಟೆ, ಅದರ ನೆತ್ತಿಯ ಮೇಲೊಂದು ಕ್ಯಾಮೆರಾ, ಬಾಯಿಯ ಜಾಗದಲ್ಲಿ ಬಸ್ ಕಂಡಕ್ಟರನ ಟಿಕೆಟ್ ಮೆಷಿನ್ನು. ಅವರ ತಮ್ಮನ ಹೆಂಡತಿ ವನಜಾಕ್ಷಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಅದನ್ನು ನೋಡಿದಳು. ಅವಳಿಗೆ ಭಾವನವರ ಯಂತ್ರಗಳ ಮೇಲೆ ನಂಬಿಕೆ ಇರಲಿಲ್ಲ. ಆದರೆ ಈ ಸಲ ಬೇರೆ ದಾರಿಯೂ ಇರಲಿಲ್ಲ.

ಹದಿನೈದು ವರ್ಷದಿಂದ ತಿಪಟೂರಿನ ಆ ಓಣಿಯಲ್ಲಿ ಅವಳು ಕೋಡುಬಳೆ, ಚಕ್ಕುಲಿ ಮಾಡಿ ಮಾರುತ್ತಿದ್ದಾಳೆ. ಪೇಟೆಯ ಸಹಕಾರ ಭಂಡಾರದವರು ಈಗ ತಿಂಗಳಿಗೆ ಐವತ್ತು ಕೆಜಿ ಕೋಡುಬಳೆ ತಗೊಳ್ಳಲು ಒಪ್ಪಿದ್ದರು. ಸೋಮವಾರ ಸಂಜೆ ಐದರೊಳಗೆ ತೆರಿಗೆ ನಂಬರ್ ತಂದುಕೊಡಬೇಕು, ಇಲ್ಲದಿದ್ದರೆ ಆರ್ಡರು ತುಮಕೂರಿನ ಯಾವುದೋ ಫ್ಯಾಕ್ಟರಿಗೆ ಹೋಗುತ್ತದೆ. ಅವಳು ಮೂರು ಸಲ ಅರ್ಜಿ ಹಾಕಿದಳು, ಮೂರು ಸಲವೂ ವಾಪಸ್ ಬಂತು. ಮಾಲೀಕರ ಹೆಸರಿನ ದಾಖಲೆ ಕೊಡಿ ಎಂದರೆ ಎಲ್ಲಿಂದ ತರುವುದು? ಮನೆ ಇನ್ನೂ ಸತ್ತ ಮಾವನ ಹೆಸರಲ್ಲಿತ್ತು. ಕರೆಂಟ್ ಬಿಲ್ಲು ಮಾವನ ಅಪ್ಪನ ಹೆಸರಲ್ಲಿ, ಗ್ಯಾಸು ಅತ್ತೆಯ ಹೆಸರಲ್ಲಿ, ಫೋನು ಗಂಡನ ಹೆಸರಲ್ಲಿ. ಕೋಡುಬಳೆಯೊಂದು ಅವಳದು, ಅದಕ್ಕೆ ದಾಖಲೆ ಇಲ್ಲ.

"ಈ ಯಂತ್ರ ದಾಖಲೆಗೀಖಲೆ ಕೇಳಲ್ಲ ಕಣಮ್ಮ," ಎಂದರು ಭಾವ. ಮೂವತ್ತು ವರ್ಷ ಐಟಿಐನಲ್ಲಿ ಫಿಟ್ಟರ್ ಪಾಠ ಹೇಳಿದ ದನಿ ಅದು. "ಕಣ್ಣಾರೆ ನೋಡತ್ತೆ. ಯಾರು ಕೊಟ್ಟು, ಬದಲಿಗೆ ತಗೋತಾರೋ ಅವರು ವ್ಯಾಪಾರಸ್ಥರು. ತಕ್ಷಣ ಇಲಾಖೆ ಕಂಪ್ಯೂಟರ್‌ಗೆ ಅರ್ಜಿ ಹೋಗತ್ತೆ, ನಂಬರ್ ಬರತ್ತೆ. ಎಲ್ಲಿ, ಒಂದು ವ್ಯಾಪಾರ ಮಾಡಿ ತೋರ್ಸು."

ಎದುರುಮನೆಯ ಸರ್ವಮಂಗಳಮ್ಮ ಕಾಲು ಕೆಜಿ ಕೋಡುಬಳೆಗೆ ಬಂದರು. ವನಜಾಕ್ಷಿ ತೂಗಿದಳು, ದುಡ್ಡು ತಗೊಂಡಳು, ರೂಢಿಯಂತೆ ಮೇಲೆ ಎರಡು ಕೋಡುಬಳೆ ಕೊಸರು ಹಾಕಿದಳು. ಯಂತ್ರ ಗರಗರ ಎಂದಿತು. ಚೀಟಿ ಬಂತು. ಭಾವ ಹೆಮ್ಮೆಯಿಂದ ಹರಿದು ಓದಿದರು.

"ವ್ಯಾಪಾರವಲ್ಲ. ದಾನ."

"ಏನು?"

"ನೀನು ತೂಕಕ್ಕಿಂತ ಜಾಸ್ತಿ ಕೊಟ್ಟೆಯಲ್ಲಮ್ಮ! ತಗೊಂಡಿದ್ದಕ್ಕಿಂತ ಹೆಚ್ಚು ಕೊಟ್ಟರೆ ಅದು ಧರ್ಮಛತ್ರ ಅಂತ ಯಂತ್ರದ ಪ್ರೋಗ್ರಾಮಿನಲ್ಲಿ ನಾನೇ ಬರೆದಿದ್ದೆ."

ಅಷ್ಟರಲ್ಲಿ ಸರ್ವಮಂಗಳಮ್ಮ, "ಅಯ್ಯೋ, ನಿನ್ನೆ ಪಾಯಸ ಕಳಿಸಿದ್ದ ಬೋಗುಣಿ ಮರೆತೇ ಹೋಗಿತ್ತು," ಎಂದು ವನಜಾಕ್ಷಿಯ ಸ್ಟೀಲ್ ಬೋಗುಣಿಯನ್ನು ಮುಂದಿಟ್ಟರು. ಬರಿದಾದ ಪಾತ್ರೆ ವಾಪಸ್ ಕೊಡುವ ಪದ್ಧತಿ ಆ ಓಣಿಯಲ್ಲಿಲ್ಲ. ಅದರೊಳಗೆ ನಾಲ್ಕು ನಿಂಬೆಹಣ್ಣಿದ್ದವು.

ಯಂತ್ರದ ಗಂಟೆ ಹೊಡೆಯಿತು! ಹದಿನೈದು ಅಂಕಿಯ ನಂಬರು ಹೊರಬಂತು: ಸರ್ವಮಂಗಳ, ನಿಂಬೆಹಣ್ಣಿನ ಸಗಟು ವ್ಯಾಪಾರಿ.

"ನಾನು ನಿಂಬೆಹಣ್ಣು ಮಾರೋಳಾ?" ಸರ್ವಮಂಗಳಮ್ಮ ಕೆಂಪಾದರು. "ನಮ್ಮೆಜಮಾನ್ರು ಹೆಡ್‌ಮಾಸ್ಟ್ರು ಕಣ್ರೀ!"

"ಪಾಯಸಕ್ಕೆ ಬದಲು ನಿಂಬೆಹಣ್ಣು. ಯಂತ್ರದ ತಪ್ಪೇನಿದೆ?" ಎಂದರು ಭಾವ.

ಶುಕ್ರವಾರ ಸಂಜೆಯೊಳಗೆ ಓಣಿಯ ಹನ್ನೊಂದು ಮನೆಗೆ ನಂಬರು ಬಂದಿತ್ತು. ಹೆಪ್ಪಿಗೆ ಮೊಸರು ಕೊಟ್ಟು ಕರಿಬೇವು ಪಡೆದವರು ಡೇರಿ ಆದರು. ಮೂಲೆಯ ಗುಡಿಯ ಪೂಜಾರಿ ಇಡೀ ತೆಂಗಿನಕಾಯಿ ತಗೊಂಡು ಅರ್ಧ ವಾಪಸ್ ಕೊಟ್ಟಿದ್ದಕ್ಕೆ ಕಾಯಿ ಒಡೆಯುವ ಗುತ್ತಿಗೆದಾರನಾದ. ಎರಡು ಮನೆಯ ಬಾಗಿಲಲ್ಲಿ ಚಪಾತಿ ತಿಂದು ಎರಡೂ ಕಡೆ ಸಗಣಿ ಹಾಕಿದ ಹಸುವಿಗೆ ಒಂದು ನಂಬರು, ಜೊತೆಗೊಂದು ಶಾಖೆ. ವನಜಾಕ್ಷಿಗೆ ಮಾತ್ರ ಇಪ್ಪತ್ಮೂರು ಚೀಟಿ ಬಂದಿದ್ದವು, ಇಪ್ಪತ್ಮೂರೂ ದಾನ.

"ಹಸುಗೆ ಸಿಕ್ತು, ನನಗೆ ಸಿಗ್ಲಿಲ್ಲ," ಎಂದಳು. ಅವಳಿಗೆ ಅಳು ಬರುವಂತಾಗಿತ್ತು.

"ಕೊಸರು ನಿಲ್ಸಮ್ಮ, ಆಮೇಲೆ ನೋಡು!"

ಶನಿವಾರ ಅವಳು ಗಟ್ಟಿ ಮನಸ್ಸು ಮಾಡಿದಳು. ಮನಸ್ಸು ಗಟ್ಟಿಯಾಯಿತು, ಕೈ ಕೇಳಲಿಲ್ಲ. ಹದಿನೈದು ವರ್ಷದ ಅಭ್ಯಾಸ. ತಕ್ಕಡಿ ಸಮ ಆಗುವುದೇ ತಡ, ಕೈ ತಾನಾಗಿ ಡಬ್ಬಕ್ಕೆ ಹೋಗಿ ಎರಡು ಕೋಡುಬಳೆ ಎತ್ತಿ ಹಾಕುತ್ತಿತ್ತು. ಭಾನುವಾರ ಬೆಳಗ್ಗೆ ಬಲಗೈಯನ್ನು ಸೆರಗಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಎಡಗೈಯಲ್ಲಿ ತೂಗಿದಳು.

"ಕೊಸರು ಎಲ್ಲಮ್ಮ?" ಎಂದರು ಸರ್ವಮಂಗಳಮ್ಮ.

"ಇಲ್ಲ."

ಸರ್ವಮಂಗಳಮ್ಮ ಅವಳ ಮುಖ ನೋಡಿದರು, ಕಟ್ಟಿದ ಕೈ ನೋಡಿದರು. ಬಾಯಿ ಮೇಲೆ ಕೈ ಇಟ್ಟುಕೊಂಡು ಸರಸರ ಹೊರಟೇಹೋದರು, ಕೋಡುಬಳೆಯನ್ನೂ ಬಿಟ್ಟು. ವನಜಾಕ್ಷಿಗೆ ಬಲಗೈ ಬಿದ್ದುಹೋಗಿದೆಯಂತೆ, ಮಾತೂ ತೊದಲುತ್ತಿದೆಯಂತೆ ಎಂಬ ಸುದ್ದಿ ಹತ್ತು ನಿಮಿಷದಲ್ಲಿ ಓಣಿಯ ಆ ತುದಿ ಮುಟ್ಟಿತು. ನೋಡಲು ಜನ ಬಂದರು. ಬರಿಗೈಯಲ್ಲಿ ಯಾರು ಬರುತ್ತಾರೆ? ಗಂಜಿ ಬಂತು, ಕಷಾಯ ಬಂತು, ಮೆಣಸಿನ ಸಾರು ಬಂತು.

"ನನಗೇನೂ ಆಗಿಲ್ಲ!" ಎಂದು ವನಜಾಕ್ಷಿ ಕಿರುಚಿದಳು. ಯಾರೂ ನಂಬಲಿಲ್ಲ. ಅವಳ ಸಹನೆ ಮೀರಿತು. ಸ್ಟೀಲ್ ಬೋಗುಣಿಯ ತುಂಬ ಕೋಡುಬಳೆ ತುಂಬಿ ಗಂಜಿಯ ಮನೆಗೆ ಕೊಟ್ಟುಬಂದಳು, ಬಲಗೈಯಲ್ಲೇ. ಅವರು ಬೋಗುಣಿಯಲ್ಲಿ ಬಾಳೆಹಣ್ಣಿಟ್ಟು ವಾಪಸ್ ಕಳಿಸಿದರು. ಮತ್ತೆ ತುಂಬಿ ಕಷಾಯದ ಮನೆಗೆ ಕೊಟ್ಟಳು, ಬೆಲ್ಲ ಬಂತು. ಸಿಟ್ಟಿನಲ್ಲಿ ಹನ್ನೊಂದು ಮನೆ ಸುತ್ತಿದಳು, ಹನ್ನೊಂದು ಸಲ ಬೋಗುಣಿ ತುಂಬಿಕೊಂಡೇ ಬಂತು.

ಜಗಲಿಯ ಮೇಲೆ ಯಂತ್ರ ಬಿಸಿಯಾಗಿ, ನಡುಗಿ, ಅರ್ಧ ಮಾರು ಉದ್ದದ ಚೀಟಿ ಕಾರಿತು. ಭಾವ ಓದುತ್ತಾ ಹೋದಂತೆ ಅವರ ದನಿ ಇಳಿಯಿತು.

"ಹನ್ನೊಂದು ಮನೆಯ ಸರಕೂ ಒಂದೇ ಪಾತ್ರೆಯಲ್ಲಿ ಬಂದಿರುವುದರಿಂದ, ಆ ಮನೆಗಳ ನಂಬರ್ ರದ್ದು. ಅವು ಶಾಖೆಗಳು. ವ್ಯಾಪಾರದ ಮಾಲೀಕರು... ಬೋಗುಣಿ."

"ಯಾರು?"

"ಬೋಗುಣಿ ಕಣಮ್ಮ. ವಯಸ್ಸು ಇಪ್ಪತ್ನಾಲ್ಕು. ಎತ್ತರ ಆರಂಗುಲ. ಮೈಬಣ್ಣ ಸ್ಟೀಲು. ನೀನು ಸಹಾಯಕಿ."

ವನಜಾಕ್ಷಿ ಚೀಟಿ ಕಿತ್ತುಕೊಂಡಳು. ಮಾಲೀಕರ ಹೆಸರಿನ ಮುಂದೆ, ಬೋಗುಣಿಯ ತಳದಲ್ಲಿ ಮದುವೆಗೆ ಮುಂಚೆ ಅವಳ ಅವ್ವ ಕೊರೆಸಿದ್ದ ಅಕ್ಷರಗಳನ್ನೇ ಯಂತ್ರ ನಕಲು ಮಾಡಿತ್ತು: ವನಜಾಕ್ಷಿ. ಆ ಮನೆಯಲ್ಲಿ ಅವಳ ಹೆಸರಿದ್ದ ವಸ್ತು ಅದೊಂದೇ. ಕೆಳಗೆ ಹದಿನೈದು ಅಂಕಿ. ಅವಳು ಅದನ್ನು ಎರಡು ಸಲ ಎಣಿಸಿದಳು, ಸರಿಯಾಗಿತ್ತು.

ಸೋಮವಾರ ನಾಲ್ಕೂಮುಕ್ಕಾಲಿಗೆ ಸಹಕಾರ ಭಂಡಾರದ ಮ್ಯಾನೇಜರ್ ನಂಜುಂಡಾರಾಧ್ಯರು ಚೀಟಿಯನ್ನು ಓದಿ, ಕಂಪ್ಯೂಟರಿನಲ್ಲಿ ನಂಬರು ಒತ್ತಿ ನೋಡಿ ತಲೆಯಾಡಿಸಿದರು. ನಂಬರು ಚೊಕ್ಕವಾಗಿತ್ತು.

"ಮಾಲೀಕರು ಖುದ್ದು ಬರಬೇಕಿತ್ತಲ್ಲಮ್ಮ?"

ವನಜಾಕ್ಷಿ ಚೀಲದಿಂದ ಬೋಗುಣಿ ತೆಗೆದು ಮೇಜಿನ ಮೇಲಿಟ್ಟಳು. ಮ್ಯಾನೇಜರು ಚೀಟಿ ನೋಡಿದರು, ಸ್ಕೇಲು ತೆಗೆದು ಎತ್ತರ ಅಳೆದರು. ಆರಂಗುಲವೇ ಇತ್ತು.

"ಸಹಿ?"

ಅವಳು ಅವರ ಮಸಿ ಪ್ಯಾಡನ್ನು ಬೋಗುಣಿಯ ತಳಕ್ಕೆ ಉಜ್ಜಿ, ಕಾಗದದ ಮೇಲೆ ಒತ್ತಿದಳು. ದುಂಡಗೆ ಬಿತ್ತು. ಒಳಗಿನ ಅಕ್ಷರ ತಿರುಗುಮುರುಗಾಗಿ ಒಂದೂ ಓದಲು ಬರುತ್ತಿರಲಿಲ್ಲ. ಅದನ್ನು ನೋಡಿದ ಮೇಲೆ ಮ್ಯಾನೇಜರಿಗೆ ಇದ್ದ ಚೂರು ಅನುಮಾನವೂ ಹೋಯಿತು.

"ರೌಂಡ್ ಸೀಲ್ ಇದೆ ಅಂತ ಮೊದಲೇ ಹೇಳೋದಲ್ವಾ!" ಎಂದು ಆರ್ಡರ್ ಕಾಗದ ಕೊಟ್ಟರು.

ಬಸ್ಸಿನಲ್ಲಿ ಅವಳು ಆ ಕಾಗದವನ್ನು ನಾಲ್ಕು ಸಲ ತೆಗೆದು ನೋಡಿದಳು. ಲಗ್ನಪತ್ರಿಕೆಯಾದ ಮೇಲೆ ಅವಳ ಹೆಸರು ಅಚ್ಚಾಗಿದ್ದು ಇದೇ ಮೊದಲು. ಬೋಗುಣಿಯ ಹೆಸರೇ ಇರಲಿ, ಅವಳಿಗೆ ಖುಷಿ ತಡೆಯಲಾಗಲಿಲ್ಲ.

ಮನೆಗೆ ಬಂದಾಗ ಭಾವ ಜಗಲಿಯ ಮೇಲೆ ಮುಖ ಸಣ್ಣ ಮಾಡಿಕೊಂಡು ನಿಂತಿದ್ದರು. ಯಂತ್ರ ಕೊನೆಯದಾಗಿ ಒಂದು ಚೀಟಿ ಕೊಟ್ಟು ಸುಟ್ಟುಹೋಗಿತ್ತು. ನೋಂದಾಯಿತ ಮಾಲೀಕರು ಸಹಾಯಕರಿಗೆ ವಾರಕ್ಕೊಂದು ರಜೆ ಕೊಡಲೇಬೇಕು, ಆದ್ದರಿಂದ ವನಜಾಕ್ಷಿಗೆ ಇನ್ನು ಮುಂದೆ ಪ್ರತಿ ಭಾನುವಾರ ಅಡುಗೆಮನೆಯಿಂದ ರಜೆ ಎಂದು ಅದರಲ್ಲಿತ್ತು.

ವನಜಾಕ್ಷಿ ಚೀಟಿಯನ್ನು ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು, ಒಳಗೆ ಹೋಗಿ ಬೋಗುಣಿಯ ಮಸಿ ತೊಳೆದಿಟ್ಟು ಬಂದಳು. ಮದುವೆಯಾಗಿ ಇಪ್ಪತ್ನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಯಾರೂ ಅವಳಿಗೆ ರಜೆ ಕೊಟ್ಟಿರಲಿಲ್ಲ.

"ಅಲ್ಲಮ್ಮ, ಭಾನುವಾರ ನಮ್ಮ ಊಟದ ಗತಿ?" ಎಂದರು ಭಾವ.

"ನನಗೇನು ಗೊತ್ತು ಭಾವ? ಮಾಲೀಕರನ್ನ ಕೇಳಿ."

ಭಾವ ಒಳಗೆ ಹೋಗಿ ನೋಡಿದರು. ಮಾಲೀಕರು ಬಚ್ಚಲ ಕಟ್ಟೆಯ ಮೇಲೆ ಬೋರಲು ಮಲಗಿದ್ದರು.