ಭಾವನ ಆಟೊಮ್ಯಾಟಿಕ್ ವಾಚು

ನಮ್ಮ ಭಾವ ತಮ್ಮ ಬೆಲೆಬಾಳುವ ಸ್ಟೀಲ್ ವಾಚನ್ನು ದೋಸೆ ಹುಯ್ಯುವ ಭಟ್ಟರ ಕೈಗೆ ದಿನವೂ ಎರಡು ತಾಸು ಕಟ್ಟುತ್ತಿದ್ದರು ಎಂದರೆ ನೀವು ನಂಬಲಿಕ್ಕಿಲ್ಲ. ಕಣ್ಣಾರೆ ಕಾಣುವ ತನಕ ನಾನೂ ನಂಬಿರಲಿಲ್ಲ.

ಅದು ಆಟೊಮ್ಯಾಟಿಕ್ ವಾಚು. ಬ್ಯಾಟರಿ ಇಲ್ಲ. ಕಟ್ಟಿದವರ ಕೈ ಆಡಿದಷ್ಟೂ ಒಳಗೆ ಕೀಲಿ ತುಂಬಿಕೊಳ್ಳುತ್ತದೆ. ಬಿಚ್ಚಿಟ್ಟರೆ ಒಂದೂವರೆ ದಿನ ಓಡಿ ನಿಲ್ಲುತ್ತದೆ. ಭಾವ ಅದನ್ನು ಬಲಗೈಗೇ ಕಟ್ಟುತ್ತಿದ್ದರು. ದಿಲ್ಲಿಯ ಆರ್.ಕೆ.ಪುರಂನ ತಮ್ಮ ಪುಟ್ಟ ಹೋಟೆಲಿನ ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವುದರಲ್ಲೇ ವಾಚು ವರ್ಷಗಟ್ಟಲೆ ಓಡಿತು. ಗಿರಾಕಿಗಳೆಲ್ಲ ಫೋನಿನಲ್ಲೇ ಹಣ ಕಳಿಸತೊಡಗಿದ ಮೇಲೆ ಕೈಗೆ ಕೆಲಸವಿಲ್ಲ. ವಾಚು ಆಗಾಗ ನಿಲ್ಲತೊಡಗಿತು. ಹೋಟೆಲಿನಲ್ಲಿ ಬಿಡುವಿಲ್ಲದೆ ಸುತ್ತುವ ಕೈ ಇನ್ನಾರದು?

‘ಹಿಟ್ಟು ಸಿಡೀತದೆ ಮಾರಾಯ್ರೆ,’ ಎಂದರು ಭಟ್ಟರು.

‘ಸ್ಟೀಲ್ ಅಲ್ವಾ ಭಟ್ರೆ? ಪಾತ್ರೆಯ ಒಟ್ಟಿಗೆ ತೊಳೀರಿ.’

ದೋಸೆಕಲ್ಲಿನ ಮುಂದೆ ಮಿನುಗುವ ಆ ವಾಚನ್ನು ಕಂಡ ಸರ್ಕಾರಿ ಅಧಿಕಾರಿಯೊಬ್ಬರು, ನಿಮ್ಮಲ್ಲಿ ಕೆಲಸ ಖಾಲಿ ಇದೆಯೇ ಎಂದು ಭಾವನನ್ನು ಕೇಳಿದ್ದುಂಟು.

ಹೋದ ಚಳಿಗಾಲದಲ್ಲಿ ಭಾವನಿಗೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಆಸ್ಪತ್ರೆಯಲ್ಲೂ ವಾಚು ಬಿಚ್ಚಲು ಒಪ್ಪಲಿಲ್ಲ, ಎಡಗೈಗೆ ಬದಲಿಸಲೂ ಬಿಡಲಿಲ್ಲ. ಅದು ನಿಂತರೆ ಎಂಬ ದಿಗಿಲು ಅವರ ಕಣ್ಣಿನಲ್ಲಿತ್ತು. ಅಕ್ಕ ಅವರ ಪಕ್ಕದಲ್ಲಿ ಕೂತು ಆ ಕೈಯನ್ನು ಎತ್ತಿ ಎತ್ತಿ ತೂಗುತ್ತಿದ್ದಳು.

‘ಅಚ್ಛಾ ಎಕ್ಸರ್‌ಸೈಜ್ ಹೈ, ಆಂಟೀ,’ ಎಂದು ನರ್ಸ್ ಮೆಚ್ಚಿದಳು.

‘ನನಗಲ್ಲ, ವಾಚಿಗೆ,’ ಎಂದು ಭಾವ ತೊದಲಿದರು. ಅಕ್ಕ ನಕ್ಕಳು. ಕೈ ಬಿಡಲಿಲ್ಲ.

ಹನ್ನೆರಡನೆಯ ದಿನ ಬೆಳಿಗ್ಗೆ ಭಾವ ಹೋದರು. ವಾಚನ್ನು ನಾನೇ ಬಿಚ್ಚಿ ಮನೆಗೆ ತಂದು ಮೇಜಿನ ಮೇಲಿಟ್ಟೆ. ಸೆಕೆಂಡಿನ ಮುಳ್ಳು ಓಡುತ್ತಲೇ ಇತ್ತು. ಮರುದಿನ ಮಧ್ಯಾಹ್ನ ಅವರ ಮಗಳು ಅದರತ್ತ ಕೈ ಚಾಚಿದಳು.

‘ಮಮ್ಮಾ, ಮೈ ಪೆಹನ್ ಲೂಂ? ಇಲ್ಲಾಂದ್ರೆ ನಿಂತುಹೋಗ್ತದೆ.’

‘ಮುಟ್ಟಬೇಡ ಮಗಾ,’ ಎಂದಳು ಅಕ್ಕ. ‘ಈಗ ಅದರೊಳಗೆ ಇರುವುದು ಅಪ್ಪನ ಕೈ ಆಡಿದ್ದು ಮಾತ್ರ. ಅದು ಪೂರ್ತಿ ಓಡಿ ಮುಗೀಲಿ. ಆಮೇಲೆ ನೀನು ಕಟ್ಟಿಕೋ.’

ಮಗಳು ಕೈ ಹಿಂದಕ್ಕೆಳೆದುಕೊಂಡಳು. ಆ ಸಂಜೆ ಮಾತನಾಡಿಸಲು ಬಂದವರನ್ನೆಲ್ಲ ನಾವು ಹೊರಗಿನ ಕೋಣೆಯಲ್ಲೇ ಕೂರಿಸಿದೆವು. ಒಳಗೆ ಮೇಜಿನ ಬಳಿ ಹಾಯುವಾಗ, ವಾಚು ಅಲುಗಿಬಿಟ್ಟೀತೆಂದು, ಒಬ್ಬೊಬ್ಬರೂ ಮೆಲ್ಲಗೆ ಹೆಜ್ಜೆ ಇಟ್ಟೆವು.