ಕಾರಿಗಿಂತ ಹಿರಿಯ ಸೈಲೆನ್ಸರ್

ಮ್ಯಾನೇಜರರ ಕಾರು ಸದ್ದು ಮಾಡುವುದನ್ನು ನಿಲ್ಲಿಸಿದ್ದೇ ದೂರು ವಿಭಾಗದ ಗುಮಾಸ್ತನ ಕಷ್ಟಕ್ಕೆಲ್ಲ ಮೂಲವಾಯಿತು.

ಅದು ಎರಡೇ ಸೀಟಿನ, ಕೆಂಪು ಬಣ್ಣದ ಹಳೆಯ ಸ್ಪೋರ್ಟ್ಸ್ ಕಾರು. ಸೇತುವೆಯ ತಿರುವಿನಲ್ಲಿ ಅದು ಕೆಮ್ಮಿದರೆ ಸಾಕು, ನಲ್ಲಿ ಕಂಪನಿಯ ಕಚೇರಿಯ ಕಿಟಕಿಗಾಜುಗಳು ನಡುಗುತ್ತಿದ್ದವು. ಅಲ್ಲಿಂದ ಅದು ಬಾಗಿಲಿಗೆ ಬರುವಷ್ಟರಲ್ಲಿ ಟೈಪಿಸ್ಟಕ್ಕನ ಅರೆಹೆಣೆದ ಸ್ವೆಟರು ಡ್ರಾಯರ್ ಸೇರುತ್ತಿತ್ತು. ಖಜಾಂಚಿಯ ಪದಬಂಧ ರಸೀದಿಗಳ ಅಡಿಗೆ ಸರಿಯುತ್ತಿತ್ತು. ಗುಮಾಸ್ತನು ದೂರುಪತ್ರಗಳ ಕಟ್ಟಿನಿಂದ ತಲೆಯೆತ್ತಿ, ಅದೇ ಕಟ್ಟನ್ನು ಓದತೊಡಗುತ್ತಿದ್ದನು. ಸೋರುವ ನಲ್ಲಿಗಳ ಬಗ್ಗೆ ಊರವರು ಮನಸಾರೆ ಬರೆದ ಆ ಪತ್ರಗಳು ತಲೆದಿಂಬಾಗಿ ಹತ್ತಿಯನ್ನೂ ಮೀರಿಸಿದ್ದವು.

ಹೀಗಿರಲು, ಮ್ಯಾನೇಜರರು ಕಾರಿಗೆ ಹೊಸ ಸೈಲೆನ್ಸರ್ ಹಾಕಿಸಿದರು. ಹಾಲಿಗೆ ಹೊಂಚು ಹಾಕುವ ಬೆಕ್ಕಿನಂತೆ ಕಾರು ಬಂದು ನಿಂತಿತು. ಗುಮಾಸ್ತ ಕಣ್ಣು ತೆರೆದಾಗ ಮೂಗಿನೆದುರು ಮ್ಯಾನೇಜರರ ಟೈ ತೂಗುತ್ತಿತ್ತು. ಅವನ ಕೆನ್ನೆಯ ಮೇಲೆ 'ಪರಿಶೀಲಿಸಲಾಗಿದೆ' ಎಂಬ ಹಸಿ ಮೊಹರು ತಿರುಗುಮುರುಗಾಗಿ ಮೂಡಿತ್ತು.

"ಇನ್ನೊಂದು ಸಲ ಹೀಗೆ ಸಿಕ್ಕಿಬಿದ್ರೆ ಗೋದಾಮಿಗೆ ಕಳಿಸ್ತೀನಿ," ಎಂದರು ಅವರು, ಕೆನ್ನೆಯನ್ನು ಕುತೂಹಲದಿಂದ ಓದುತ್ತ.

ಗೋದಾಮೆಂದರೆ ಗುಮಾಸ್ತನಿಗೆ ಭಯವಿರಲಿಲ್ಲ. ಭಯವಿದ್ದದ್ದು ಅದರ ಮೇಲ್ವಿಚಾರಕರ ಬಗ್ಗೆ. ಅವರು ಅವನ ಹೆಂಡತಿಯ ತಂದೆ. "ಮೂವತ್ತು ವರ್ಷದ ಸೇವೆಯಲ್ಲಿ ಹಗಲು ಹೊತ್ತು ರೆಪ್ಪೆ ಮುಚ್ಚಿದವನಲ್ಲ ನಾನು," ಎಂಬುದು ಮಾವನವರ ನಿತ್ಯದ ಮಾತು. ಹೇಳುವಾಗ ಅವರ ದೃಷ್ಟಿ ತಪ್ಪದೆ ಅಳಿಯನ ಮೇಲಿರುತ್ತಿತ್ತು.

ಮರುದಿನ ಬೆಳಿಗ್ಗೆ ಸಹೋದ್ಯೋಗಿಗಳು ಅವನ ಮೇಜನ್ನು ಸುತ್ತುವರಿದರು.

"ಏನಾದ್ರೂ ಮಾಡಪ್ಪ," ಎಂದಳು ಟೈಪಿಸ್ಟಕ್ಕ. "ಬಾಗಿಲು ನೋಡ್ಕೊಂಡು ಹೆಣೆದೂ ಹೆಣೆದೂ ಸ್ವೆಟರಿಗೆ ಮೂರು ತೋಳು ಬಂದಿದೆ."

"ಹಳೇ ಪೈಪನ್ನೇ ವಾಪಸ್ ಹಾಕಿಸೋ ಹಾಗೆ ಮಾಡಯ್ಯ," ಎಂದ ಖಜಾಂಚಿ. "ಮಾವನ ಮನೆಗೆ ಹೋಗೋನು ನೀನು ತಾನೇ, ನಾವಲ್ಲ."

ಗುಮಾಸ್ತ ಧೈರ್ಯ ಮಾಡಿ ಮ್ಯಾನೇಜರರ ಕೋಣೆ ಹೊಕ್ಕನು.

"ಸಾರ್, ತಪ್ಪು ತಿಳ್ಕೋಬೇಡಿ. ಹುಲಿಗೆ ಬೆಕ್ಕಿನ ಗಂಟಲು ಹಾಕಿಸಿದ ಹಾಗಾಗಿದೆ ಸಾರ್."

ಮ್ಯಾನೇಜರರು ಲೇಖನಿ ಕೆಳಗಿಟ್ಟರು. "ನನಗೂ ಅದೇ ಅಳುಕು. ಇವತ್ತು ನಾಲ್ಕು ಗಂಟೆಗೆ ಹಳೇ ಕಾರುಗಳ ಕ್ಲಬ್ಬಿಂದ ಪರೀಕ್ಷಕರು ಬರ್ತಿದಾರೆ. ಅವರೂ ಹೀಗೇ ಅಂದ್ರೆ?"

"ಅನ್ನದೇ ಬಿಡ್ತಾರಾ ಸಾರ್?"

"ಹಾಗಾದ್ರೆ ಕಾರು ತಗೊಂಡು ನೀವೇ ಹೋಗಿ, ಹಳೇದನ್ನ ಹಾಕಿಸ್ಕೊಂಡು ಬನ್ನಿ. ಆಗದಿದ್ರೆ ವಾಪಸ್ ಬರೋ ತೊಂದರೆ ತಗೋಬೇಡಿ. ಹಾಗೇ ಗೋದಾಮಿಗೆ ಹೋಗಿಬಿಡಿ."

ಕೈಯಲ್ಲಿ ಕಾಗದವಿದ್ದರೆ ಗೌರವ ಹೆಚ್ಚೆಂದು ಗುಮಾಸ್ತ ದೂರುಪತ್ರಗಳ ಕಟ್ಟನ್ನೂ ಎತ್ತಿಕೊಂಡು ಹೊರಟನು.

ಗ್ಯಾರೇಜಿನ ಮೇಸ್ತ್ರಿ ತಲೆ ಕೆರೆದುಕೊಂಡ. "ಹಳೇದಾ? ತುಕ್ಕು ಹಿಡಿದು ಜರಡಿ ಆಗಿತ್ತು ಸ್ವಾಮಿ, ಗುಜರಿಗೆ ಹೋಯ್ತು. ಆದ್ರೆ ಇದರ ಅಣ್ಣ ಹಿತ್ತಿಲಲ್ಲಿದಾನೆ."

ಹಿತ್ತಿಲಲ್ಲಿ ಅದೇ ಕಂಪನಿಯ, ಮ್ಯಾನೇಜರರದಕ್ಕಿಂತ ಹತ್ತು ವರ್ಷ ಹಳೆಯ ಕಾರೊಂದು ಬಳ್ಳಿಗಳ ನಡುವೆ ತಪಸ್ಸಿಗೆ ಕುಳಿತಿತ್ತು.

"ಇದರ ಪೈಪು ಅದಕ್ಕೆ ಕೂರುತ್ತಾ?"

"ಬೋಲ್ಟಿನ ತೂತೆಲ್ಲ ಒಂದೇ ಅಳತೆ. ಒಂದು ಬೆರಳು ಕೆಳಗೆ ಜೋಲುತ್ತೆ ಅಷ್ಟೇ. ಅಣ್ಣನ ಷರಟು ತಮ್ಮ ಹಾಕ್ಕೊಂಡ ಹಾಗೆ."

ಆದರೆ ಆ ಬೋಲ್ಟುಗಳು ಹಳೆಯ ಸ್ನೇಹಿತರಂತೆ ಕಾರನ್ನು ಬಿಡಲೊಲ್ಲದಾದವು. ಎಣ್ಣೆ ಹಾಕಿದರು, ಬೆಂಕಿ ತೋರಿಸಿದರು, ಸುತ್ತಿಗೆಯಲ್ಲಿ ಬಡಿದರು. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಗೋಡೆಯ ಮೇಲೆ ಗಲ್ಲವಿಟ್ಟು ನೋಡುತ್ತಿದ್ದರು.

"ಎಡಕ್ಕೆ ತಿರುಗಿಸ್ರಯ್ಯಾ."

"ಎಡಕ್ಕೇ ತಿರುಗಿಸ್ತಿರೋದು ಮೇಷ್ಟ್ರೇ."

"ನಿಮ್ಮ ಎಡಕ್ಕಲ್ಲ. ಅದರ ಎಡಕ್ಕೆ."

ಮಧ್ಯಾಹ್ನದ ಹೊತ್ತಿಗೆ ಪೈಪೇನೋ ಕೈಗೆ ಬಂತು. ಅದರ ತುದಿಯಲ್ಲಿರಬೇಕಾದ ಸೈಲೆನ್ಸರ್ ಡಬ್ಬಿ ಮಾತ್ರ ಇರಲಿಲ್ಲ. ಅದು ಪಕ್ಕದ ಕ್ಷೌರದಂಗಡಿಯಲ್ಲಿ, ಗಿರಾಕಿಗಳು ಕಾಲಿಡುವ ಪೀಠವಾಗಿ ನೆಮ್ಮದಿಯಿಂದಿತ್ತು. ಆ ಹೊತ್ತಿನಲ್ಲಿ ಅದರ ಮೇಲೆ, ಮುಖಕ್ಕೆಲ್ಲ ನೊರೆ ಬಳಿದುಕೊಂಡ ಒಬ್ಬ ದಪ್ಪಮೀಸೆಯವನ ಎರಡು ಪಾದಗಳಿದ್ದವು.

"ಕೊಡ್ತೀನಿ, ಬೇಡ ಅನ್ನಲ್ಲ," ಎಂದ ಕ್ಷೌರಿಕ, ಕತ್ತಿ ಮಸೆಯುತ್ತ. "ಇವರ ಕಾಲು ಎಲ್ಲಿಡಲಿ? ಕಾಲು ತೂಗಾಡಿದ್ರೆ ತಲೆ ಅಲ್ಲಾಡುತ್ತೆ. ತಲೆ ಅಲ್ಲಾಡಿದ್ರೆ ನಾನು ಜವಾಬ್ದಾರ ಅಲ್ಲ."

ಗುಮಾಸ್ತ ಸುತ್ತಲೂ ನೋಡಿ, ಕೊನೆಗೆ ತನ್ನ ತಲೆದಿಂಬನ್ನೇ ಇಟ್ಟನು. ದಪ್ಪಮೀಸೆಯವನು ಊರಿನ ದೂರುಗಳ ಮೇಲೆ ಕಾಲೂರಿ, "ಇದೇ ಮೆತ್ತಗಿದೆ," ಎಂದನು.

ಮೇಸ್ತ್ರಿ ಹೊಸ ಸೈಲೆನ್ಸರನ್ನು ಕಳಚಿ, ಅಣ್ಣನ ಪೈಪನ್ನು ತಮ್ಮನಿಗೆ ಜೋಡಿಸತೊಡಗಿದ. ಬಿಗಿಯುವ ತನಕ ಯಾರಾದರೂ ಕಾರಿನಡಿ ಅಂಗಾತ ಮಲಗಿ ಡಬ್ಬಿಯನ್ನು ಎತ್ತಿ ಹಿಡಿಯಬೇಕಿತ್ತು. ಗುಮಾಸ್ತ ಮಲಗಿದನು. ಬೆಳಗಿನಿಂದ ಅವನ ಬೆನ್ನಿಗೆ ಸಿಕ್ಕ ಮೊದಲ ಸಮತಟ್ಟಾದ ಜಾಗ ಅದು. ಅಲ್ಲಿ ನೆರಳಿತ್ತು, ಮ್ಯಾನೇಜರರಿರಲಿಲ್ಲ. ಸೈಲೆನ್ಸರನ್ನು ಎತ್ತಿ ಹಿಡಿದುಕೊಂಡೇ ನಿದ್ದೆಹೋದ ಮೊದಲ ಮನುಷ್ಯ ಬಹುಶಃ ಅವನೇ.

ಮೇಸ್ತ್ರಿ ಕೊನೆಯ ಬೋಲ್ಟು ಬಿಗಿದು ಕಾರು ಸ್ಟಾರ್ಟ್ ಮಾಡಿದನು.

ಅದು ಹಳೆಯ ಸದ್ದಲ್ಲ. ಹಳೆಯ ಸದ್ದಿನ ಅಣ್ಣ. ಗೋಡೆಯ ಮೇಲಿದ್ದ ಮೇಷ್ಟ್ರ ಗಲ್ಲ ಮಾಯವಾಯಿತು. ಕ್ಷೌರದಂಗಡಿಯಲ್ಲಿ ದಪ್ಪಮೀಸೆಯ ಬಲಭಾಗ ಮಾಲೀಕನನ್ನು ತೊರೆಯಿತು. ದಶಕಗಳ ತುಕ್ಕೆಲ್ಲ ಗುಮಾಸ್ತನ ಮುಖದ ಮೇಲೆ ಸುರಿಯಿತು. ಅಂಗಡಿಯೊಳಗಿನ ಕೂಗಾಟ ಕೇಳಿ, ಕಟ್ಟನ್ನು ಮರಳಿ ಕೇಳಲು ಇದು ಸಕಾಲವಲ್ಲವೆಂದು ತಿಳಿದ ಅವನು ಕಾರು ಹತ್ತಿ ಪಾರಾದನು.

ಕಾರು ಸೇತುವೆ ಮುಟ್ಟುವ ಮೊದಲೇ ಕಚೇರಿಯಲ್ಲಿ ಸ್ವೆಟರು ಡ್ರಾಯರ್ ಸೇರಿತು. ಟೈಪಿಸ್ಟಕ್ಕ ಕಣ್ಣೊರೆಸಿಕೊಂಡಳು.

ನಾಲ್ಕು ಗಂಟೆಗೆ ಬಂದ ಪರೀಕ್ಷಕರು ದಪ್ಪ ಕನ್ನಡಕದ ವಯಸ್ಸಾದ ಹೆಂಗಸು. ಟಾರ್ಚು ಹಿಡಿದು ಕಾರಿನಡಿ ತೆವಳಿದವರು ಬಹಳ ಹೊತ್ತು ಹೊರಬರಲಿಲ್ಲ. ಅಲ್ಲಿಂದ ಅವರ ದನಿ ಬಂತು: "ಈ ಪೈಪು ಈ ಕಾರಿನದಲ್ಲ."

ಮ್ಯಾನೇಜರರು ನಿಧಾನವಾಗಿ ಗುಮಾಸ್ತನ ಕಡೆ ತಿರುಗಿದರು.

"ಇದು ಕಾರಿಗಿಂತ ಹಳೇದು!" ಎನ್ನುತ್ತ ಆಕೆ ಹೊರಬಂದರು. "ಇಂಥದ್ದನ್ನ ನಾನು ಚಿತ್ರದಲ್ಲಿ ಮಾತ್ರ ನೋಡಿದ್ದೆ. ಕಾರು ಹೋದ್ರೂ ಚಿಂತೆಯಿಲ್ಲ, ಪೈಪು ಜೋಪಾನ! ಒಂದು ಬೆರಳು ಕೆಳಗಿದೆ, ದಿನಾ ಓಡಿಸಿದ್ರೆ ಯಾವುದಾದ್ರೂ ರಸ್ತೆ ಉಬ್ಬಿಗೆ ಬಡಿದು ಒಡೆದುಹೋಗುತ್ತೆ. ತೇವ ಇಲ್ಲದ ಕಡೆ ಇಡಿ. ದಿನಕ್ಕೊಂದು ಸಲ ಸ್ಟಾರ್ಟ್ ಮಾಡಿದ್ರೆ ಸಾಕು."

ಮ್ಯಾನೇಜರರ ಮುಖ ಅರಳಿತು. "ನಮ್ಮ ಗೋದಾಮಿಗಿಂತ ಒಣಜಾಗ ಎಲ್ಲಿದೆ? ಅಲ್ಲೇ ಇಡೋಣ. ನಾಳೆಯಿಂದ ನಾನು ಸೈಕಲ್ಲಲ್ಲೇ ಬರ್ತೀನಿ."

ಟೈಪಿಸ್ಟಕ್ಕ ಖಜಾಂಚಿಯನ್ನು ಮೊಣಕೈಯಿಂದ ತಿವಿದಳು.

"ಸಾರ್, ಸೈಕಲ್ಲಿಗೆ ಬೆಲ್ಲು..." ಎಂದು ಖಜಾಂಚಿ ಕ್ಷೀಣವಾಗಿ ಕೇಳಿದ.

"ಇದೆ. ನಾನು ಹೊಡೆಯಲ್ಲ. ಅಸಭ್ಯತೆ." ಆಮೇಲೆ ಅವರು ಗುಮಾಸ್ತನ ಹೆಗಲ ಮೇಲೆ ಕೈಯಿಟ್ಟರು. "ಈ ಕಾರಿನ ಒಳಗುಟ್ಟು ಬಲ್ಲವರು ನೀವೊಬ್ಬರೇ. ನಿಮ್ಮನ್ನೂ ಗೋದಾಮಿಗೇ ಹಾಕಿದೀನಿ. ಇದು ಶಿಕ್ಷೆ ಅಲ್ಲ ಕಣ್ರೀ, ನಂಬಿಕೆ. ಈಗಲೇ ಕಾರು ತಗೊಂಡು ಹೊರಡಿ."

ಗುಮಾಸ್ತ ಪ್ರತಿಯೊಂದು ಉಬ್ಬನ್ನೂ ತಪ್ಪಿಸಿಕೊಂಡು, ಊರಾಚೆಯ ಗೋದಾಮಿನವರೆಗೆ ಗುಡುಗುತ್ತ ಹೋದನು. ಮಾವನವರು ಗೇಟಿನಲ್ಲಿ ನೆಟ್ಟಗೆ ನಿಂತಿದ್ದರು. ಮುಖ ಒದ್ದೆಯಾಗಿತ್ತು. ಎಡಗೆನ್ನೆಯ ಮೇಲೆ ಗೋಣಿಚೀಲದ ನೇಯ್ಗೆ ಎಳೆಎಳೆಯಾಗಿ ಅಚ್ಚೊತ್ತಿತ್ತು.

"ಬನ್ನಿ ಅಳಿಯಂದಿರೇ. ಕಾಲುವೆ ಹತ್ರ ಇದ್ದಾಗಲೇ ಕೇಳಿಸ್ತು. ಮುಖ ತೊಳ್ಕೊಂಡು, ಷರಟು ಹಾಕ್ಕೊಳ್ಳೋಕೂ ಪುರುಸೊತ್ತು ಸಿಕ್ತು. ಎಂಥಾ ಒಳ್ಳೇ ಸದ್ದು! ಮ್ಯಾನೇಜರರು ಇನ್ನು ಇದರಲ್ಲೇ ಬರ್ತಾರೆ ತಾನೇ?"

"ಇಲ್ಲ ಮಾವ. ಸೈಕಲ್ಲಲ್ಲಿ. ಬೆಲ್ಲೂ ಹೊಡೆಯಲ್ವಂತೆ."

ಮಾವನವರು ಕೆನ್ನೆ ಸವರಿಕೊಳ್ಳುತ್ತ ಯೋಚಿಸಿದರು. ಬಳಿಕ ಒಳಗಿನಿಂದ ಒಂದು ಸ್ಟೂಲು ತಂದು, ರಸ್ತೆ ಚೆನ್ನಾಗಿ ಕಾಣುವಂತೆ ಗೇಟಿನ ಪಕ್ಕ ಇಟ್ಟರು.

"ಹಾಗಾದ್ರೆ ಇಲ್ಲೊಬ್ಬರು ರೆಪ್ಪೆ ಮುಚ್ಚದೆ ಕೂತಿರಬೇಕಾಗುತ್ತೆ. ನೀವು ಕೂತ್ಕೊಳ್ಳಿ. ನಾನು ಹಿರಿಯ."

ಅವರು ಆಕಳಿಸುತ್ತ ಒಳಗೆ ಹೋದರು. ಸ್ಟೂಲಿಗೆ ಒರಗಲು ಬೆನ್ನಿರಲಿಲ್ಲ.